ಸದ್ದು ಆಮೇಲೆ

ಸೊನೋರಾದ ಕನನೇಯದಲ್ಲಿ, ತಾಮ್ರದ ಗಣಿಯ ಹಿಂದೆ,
ಸತ್ತ ಲಾರಿಗಳ ಹೊಟ್ಟೆ ಬಿಚ್ಚಿ
ಒಳತಗಡು ಮಾರುತ್ತಾಳೆ ಚಾಯೊ, ಕಿಲೋ ಲೆಕ್ಕ.
ಹದಿನೆಂಟು ವರ್ಷ ಬಂಡೆ ಸುರಿದರೂ ಸವೆಯದ ಉಕ್ಕು.
"ಹೊಳೆಯೋದು ಬೇಡ," ಅನ್ನುತ್ತಾನೆ ಅಪ್ಪ,
"ಏಟು ತಿಂದು ಬದುಕಿದ್ದು ಬೇಕು."

ಮೊದಲು ಅರ. ಅಂಚಿಗೆ ಒತ್ತಿ ಎಳೆಯುತ್ತಾನೆ.
ಕಚ್ಚಿದರೆ ಮೆದು, ಗೇಟಿಗೋ ಕಿಟಕಿಗೋ ಲಾಯಕ್ಕು.
ಗಾಜಿನ ಮೇಲೆ ಉಗುರು ಜಾರಿದಂತೆ ಜಾರಿದರೆ
ಹುಬ್ಬೆತ್ತಿ ನನ್ನ ಕಡೆ ನೋಡುತ್ತಾನೆ.
ಆಗ ನನ್ನ ಸರದಿ.
ಮೂವತ್ತು ವರ್ಷ ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕ ನಿಂತು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವನು ಅವನು.
ಅವನು ಸುತ್ತಿಗೆಯಲ್ಲಿ ತಟ್ಟುತ್ತಾನೆ, ನಾನು ಕೇಳುತ್ತೇನೆ.
ಸದ್ದು ಎಷ್ಟು ದೂರ ಹೋಯಿತೆಂದು
ಗಾಳಿಯಲ್ಲಿ ಬೆರಳಿಂದ ಗೆರೆ ಎಳೆದು ತೋರಿಸುತ್ತೇನೆ.
ಗೆರೆ ಉದ್ದವಾದರೆ ದುಡ್ಡು ಎಣಿಸುತ್ತಾನೆ.

ಅಜ್ಜನ ಕಾಲದಲ್ಲಿ ಐನೂರು ಮೀಟರಿನಾಚೆ
ಜೀವಂತ ಟಗರನ್ನೇ ಗೂಟಕ್ಕೆ ಕಟ್ಟುತ್ತಿದ್ದರಂತೆ.
ಮೊದಲು ರಕ್ತ ತೆಗೆದವನಿಗೆ ಟಗರು.
ಆಮೇಲೆ ಯಾರಿಗೋ ನಾಚಿಕೆಯಾಯಿತು,
ಇಲ್ಲವೇ ಟಗರು ತುಟ್ಟಿಯಾಯಿತು. ಅಜ್ಜ ಎರಡನ್ನೂ ಹೇಳುತ್ತಿದ್ದ.
ಈಗ ಉಕ್ಕಿನ ಕೋಳಿ, ಹಂದಿ, ಟರ್ಕಿ,
ಎಲ್ಲಕ್ಕಿಂತ ಆಚೆಯ ದಿಣ್ಣೆಯಲ್ಲಿ ಟಗರು.

ಅಪ್ಪನ ಮೊದಲ ಕೋಳಿ ಹಳೇ ಸೇತುವೆಯ ಮೆದು ಕಬ್ಬಿಣ.
ಒಂದೇ ಭಾನುವಾರಕ್ಕೆ ಮೈತುಂಬ ಸಿಡುಬಿನ ಕುಳಿ.
ಕುಳಿ ಬಿದ್ದ ತಗಡು ಬಟ್ಟಲಿದ್ದ ಹಾಗೆ,
ಬಂದ ಸೀಸವನ್ನು ಬಂದ ದಾರಿಗೇ ಎಸೆಯುತ್ತದೆ.
ಹತ್ತಿರದಿಂದ ಅಭ್ಯಾಸಕ್ಕೆ ನಿಂತ ದೋನ್ ರೆಫುಹಿಯೊನ
ಟೋಪಿಯ ಅಂಚಿನಲ್ಲಿ ಇವತ್ತಿಗೂ ಅದರ ಗುರುತು.

ಕಾದಾಗ ಬಡಿ ಅನ್ನುತ್ತದೆ ಲೋಕ.
ಇದು ಕಾಯಲೇಬಾರದ ಉಕ್ಕು,
ಕಾದರೆ ಹದ ಮರೆತು ಅಂಚು ಬೆಣ್ಣೆಯಾಗುತ್ತದೆ.
ಅದಕ್ಕೇ ದನ ನೀರು ಕುಡಿಯುತ್ತಿದ್ದ ತೊಟ್ಟಿಯಲ್ಲಿ
ತಗಡು ಮಲಗಿಸಿ, ಬೆನ್ನು ಮಾತ್ರ ಮೇಲೆ ಬಿಟ್ಟು,
ಸೀಮೆಸುಣ್ಣದ ಗೆರೆ ಹಿಡಿದು
ಕೊಂಬು ಮೊದಲು, ಬಾಲ ಕೊನೆಗೆ.
ನೀಲಿಗಟ್ಟಿದ ಅಂಚು
ಜೋಳದ ಕಾಳಿಗಿಂತ ಅಗಲವಾದರೆ ತನಗೆ ತಾನೇ ಬೈದುಕೊಳ್ಳುತ್ತಾನೆ,
ಎಷ್ಟು ಜೋರಾಗಿ ಎಂದು ಅವನಿಗೆ ಗೊತ್ತಿಲ್ಲ.

ಕಾಲಿಗೆ ಬೆಸುಗೆ ಇಲ್ಲ. ಎರಡು ಬೋಲ್ಟು, ಒಂದು ಅಡ್ಡಪಟ್ಟಿ.
ಪಟ್ಟಿ ಅಗಲವಾದರೆ ಗುಂಡು ತಗುಲಿಯೂ ಟಗರು ನಿಂತೇ ಇರುತ್ತದೆ,
"ಫೌಸ್ತೀನೊ!" ಎಂದು ದೋನ್ ರೆಫುಹಿಯೊ
ಅಪ್ಪನ ಏಳು ತಲೆಮಾರು ನೆನೆಯುತ್ತಾನೆ.
ಕಿರಿದಾದರೆ ಬರೀ ಗಾಳಿಗೇ ಕೈಕಾಲು ಎತ್ತುತ್ತದೆ.
ಎಷ್ಟು ಅಗಲ? ಅಪ್ಪ ಹೆಬ್ಬೆರಳು ತೋರಿಸುತ್ತಾನೆ,
ಅದೂ ಯಂತ್ರಕ್ಕೆ ಸಿಕ್ಕಿ ಚಪ್ಪಟೆಯಾದದ್ದು.
ಕಪ್ಪು ಬಳಿಯುವುದು ನಾನು.

ಅಷ್ಟು ದೂರದಲ್ಲಿ ಟಗರು ಮೊದಲು ಬೀಳುತ್ತದೆ.
ಸದ್ದು ಆಮೇಲೆ ನಡೆದು ಬರುತ್ತದೆ.
ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಒಂದು ಉಸಿರು,
ಆ ಉಸಿರಿನಷ್ಟು ಹೊತ್ತು
ಎಲ್ಲರೂ ಅಪ್ಪನ ಹಾಗೇ.

ಕಳೆದ ಮಾರ್ಚಿ. ಚಾಯೊ ಬಳಿ ಒಂದೇ ತಗಡು.
ಶುಕ್ರವಾರ ಸಂಜೆ, ಭಾನುವಾರ ಪಂದ್ಯ,
ಅವಳಿಗೆ ಬಾಗಿಲು ಹಾಕುವ ಆತುರ.
ಅರ ಜಾರಿತು. ಸುತ್ತಿಗೆ ಬಿತ್ತು.
ಎದ್ದ ಸದ್ದು ನಡುದಾರಿಯಲ್ಲಿ
ಯಾರೋ ಬಾಯಿ ಮುಚ್ಚಿದಂತೆ ನಿಂತಿತು.
ನನ್ನ ಬೆರಳು ಮಾತ್ರ ಮುಂದೆ ಹೋಯಿತು.

ಮೂರನೇ ಗುಂಡಿಗೆ ಕುತ್ತಿಗೆ ಸೀಳಿತು.
ತಲೆಯಿಲ್ಲದ ಮೈ ದಿಣ್ಣೆಯ ಮೇಲೆ ನಿಂತೇ ಇತ್ತು.
ಬಿದ್ದ ಲೆಕ್ಕವೋ ಅಲ್ಲವೋ ಎಂದು
ಊಟದ ಹೊತ್ತಿನ ತನಕ ಜಗಳ.
ಅಪ್ಪ ತಲೆ ಎತ್ತಿಕೊಂಡು
ಒಡಕನ್ನು ಆ ಚಪ್ಪಟೆ ಬೆರಳಲ್ಲಿ ಸವರಿದ.
ಅರ್ಧ ಹೊಸ ಹೊಳಪು, ಅರ್ಧ ಹಳೇ ತುಕ್ಕು.
ತುಕ್ಕು ನೋಡಿದ. ನನ್ನನ್ನು ನೋಡಿದ.
ಟಾರ್ಪಾಲು ಮಡಚಲು ಹೋದ.

ಈಗ ಆ ತಲೆ ಅಂಗಡಿಯ ಬಾಗಿಲ ಮೇಲೆ, ಸರಪಳಿಯಲ್ಲಿ.
ಬಂದವರು ಅಲಂಕಾರವೆಂದು ಹೊಗಳುತ್ತಾರೆ.
ಗಾಳಿಯ ರಾತ್ರಿ ಚೌಕಟ್ಟಿಗೆ ಬಡಿಯುತ್ತದೆ, ಮೊಂಡು ಸದ್ದು.
ಅಪ್ಪ ಗೊರಕೆ ಹೊಡೆಯುತ್ತಾನೆ.
ನಾನು ಎದ್ದು ಕೂರುತ್ತೇನೆ,
ಕತ್ತಲಲ್ಲಿ ಬೆರಳೆತ್ತಿ
ಇದ್ದಷ್ಟೇ ಗೆರೆ ಎಳೆಯುತ್ತೇನೆ.